ನಂಪೈಯಲ್ಲಿ ಸ್ಲೈಸ್ ಬದಲಿಸಿದರೆ ಮೂಲ ಅರೇಯೂ ಬದಲಾಗುತ್ತಿದೆ. ಇದನ್ನು ಸರಿಪಡಿಸಿ ಅಂತ ಕೇಳಬಹುದಾ?

ಹನುಮಂತನಗರ_ತಾರಸಿ

ಎಲ್ಲರಿಗೂ ನಮಸ್ಕಾರ. ನಾನು ವೃತ್ತಿಯಲ್ಲಿ ಅಕೌಂಟೆಂಟ್, ಪೈಥಾನ್ ಭಾಷೆ, ಅದರಲ್ಲಿ ಸಂಖ್ಯೆಗಳ ಲೆಕ್ಕಕ್ಕೆ ಬಳಸುವ ನಂಪೈ ಲೈಬ್ರರಿ ಎರಡೂ ಆಸಕ್ತಿಯಿಂದ ಕಲಿತದ್ದು. ನಮ್ಮ ಅತ್ತೆಗೆ ಉಬ್ಬಸ ಇದೆ. ದಿನದಲ್ಲಿ ಯಾವ ಹೊತ್ತು ಕಿಟಕಿ ತೆಗೆದಿಡಬಹುದು, ಯಾವಾಗ ಮುಚ್ಚಬೇಕು ಅಂತ ತಿಳಿಯಲು ತಾರಸಿ ಮೇಲೆ ಪಿಎಂ 2.5 (ಗಾಳಿಯಲ್ಲಿರುವ ಅತಿ ಸಣ್ಣ ಕಣಗಳು) ಅಳೆಯುವ ಸೆನ್ಸರ್ ಇಟ್ಟಿದ್ದೇನೆ. ನಿಮಿಷಕ್ಕೊಂದು ರೀಡಿಂಗ್. ಈಗ ಒಂದು ವರ್ಷದ ಸಿಎಸ್‌ವಿ ಫೈಲ್ ಕೈಯಲ್ಲಿದೆ. ಸೆನ್ಸರ್ ಸರಿಯಾಗಿ ಓದದಿದ್ದರೆ -999 ಅಂತ ಬರೆಯುತ್ತದೆ.

ಫಾರ್ ಲೂಪ್‌ನಲ್ಲಿ ಗಂಟೆಗಂಟೆಯ ಸರಾಸರಿ ತೆಗೆಯುತ್ತಿದ್ದೇನೆ, ತುಂಬ ನಿಧಾನ. ಅದಕ್ಕಿಂತ ದೊಡ್ಡ ತಲೆನೋವು ಇನ್ನೊಂದು. ದೀಪಾವಳಿ ವಾರವನ್ನಷ್ಟೇ ಸ್ಲೈಸ್ ಮಾಡಿ (ಆ ಭಾಗವನ್ನು ಆರಿಸಿ) ಬೇರೆ ಹೆಸರಲ್ಲಿ ಇಟ್ಟುಕೊಂಡೆ. ಅದರಲ್ಲಿ ಒಂದೆರಡು ಬೆಲೆ ಬದಲಿಸಿ ನೋಡಿದರೆ ವರ್ಷದ ಮೂಲ ಅರೇಯಲ್ಲೂ ಬದಲಾಗಿದೆ! ಪೈಥಾನ್ ಲಿಸ್ಟ್‌ನಲ್ಲಿ ಹೀಗಾಗುವುದಿಲ್ಲ ಅಲ್ವಾ? ಇದು ಬಗ್ ಆಗಿದ್ದರೆ ನಂಪೈ ತಂಡಕ್ಕೆ ತಿಳಿಸಬೇಕು ಅಂತಿದ್ದೇನೆ. ಉಚಿತವಾಗಿ ಬಳಸುತ್ತಿರುವ ಲೈಬ್ರರಿ, ನನ್ನಿಂದಲೂ ಏನಾದರೂ ಸಲ್ಲಲಿ ಅನ್ನೋ ಆಸೆ. ಆದರೆ ಅದರ ಒಳಭಾಗ ಬರೆದಿರುವ ಸಿ ಭಾಷೆ ಗೊತ್ತಿಲ್ಲ.

ಪೀಣ್ಯ_ಕಂಪನ

ಮೇಡಂ, ಅದು ಬಗ್ ಅಲ್ಲ. ಬೇಕೆಂದೇ ಹಾಗೆ ಮಾಡಿದ್ದಾರೆ, ಮತ್ತು ಅದು ಹಾಗಿರುವುದರಿಂದಲೇ ನನ್ನ ಕೆಲಸ ನಡೆಯುತ್ತಿದೆ. ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ಅರೇ ಅಂದರೆ ಮೆಮೊರಿಯಲ್ಲಿ ಸಾಲಾಗಿ ಕೂತಿರುವ ಬೈಟ್‌ಗಳು. ಅದರ ಜೊತೆಗೆ ಒಂದು ಸಣ್ಣ ಚೀಟಿ ಇರುತ್ತದೆ: ಯಾವ ಡಿಟೈಪ್ (ಸಂಖ್ಯೆಯ ಬಗೆ), ಯಾವ ಶೇಪ್ (ಆಕಾರ), ಎಷ್ಟು ಸ್ಟ್ರೈಡ್ (ಮುಂದಿನ ಬೆಲೆಗೆ ದಾಟಬೇಕಾದ ಬೈಟ್). ನಿಮ್ಮ ವರ್ಷದಲ್ಲಿ 5,25,600 ನಿಮಿಷ. ಫ್ಲೋಟ್64 (64 ಬಿಟ್‌ನ ದಶಮಾಂಶ ಸಂಖ್ಯೆ) ಆದರೆ ಒಂದು ಬೆಲೆಗೆ 8 ಬೈಟ್, ಒಟ್ಟು ಸುಮಾರು 4.2 ಎಂಬಿ. ಇದನ್ನು ರೀಶೇಪ್ ಮಾಡಿ (ಆಕಾರ ಬದಲಿಸಿ) 365, 24, 60 ಅಂತ, ಅಂದರೆ ದಿನ, ಗಂಟೆ, ನಿಮಿಷ ಅಂತ ಕೊಡಿ. ಬೈಟ್‌ಗಳು ಒಂದಿಂಚೂ ಕದಲುವುದಿಲ್ಲ. ಚೀಟಿ ಮಾತ್ರ ಹೊಸದು. ಈಗ ಸ್ಟ್ರೈಡ್ಸ್ ಪ್ರಿಂಟ್ ಮಾಡಿದರೆ 11520, 480, 8 ಅಂತ ಬರುತ್ತದೆ. ಮುಂದಿನ ನಿಮಿಷಕ್ಕೆ 8 ಬೈಟ್ ದಾಟಬೇಕು, ಮುಂದಿನ ಗಂಟೆಗೆ 480, ಮುಂದಿನ ದಿನಕ್ಕೆ 11520. ಇಷ್ಟೇ ಗುಟ್ಟು.

ಸ್ಲೈಸ್ ಕೂಡ ಹಾಗೆಯೇ. ಒಂದೇ ಮನೆಗೆ ಎರಡನೇ ಬಾಗಿಲು ಇಟ್ಟ ಹಾಗೆ, ಯಾವ ಕಡೆಯಿಂದ ಹೋಗಿ ಸಾಮಾನು ಸರಿಸಿದರೂ ಸರಿದದ್ದು ಅದೇ ಸಾಮಾನು. ಇದಕ್ಕೆ ವ್ಯೂ ಅನ್ನುತ್ತಾರೆ. ಬೇರೆ ಪ್ರತಿಯೇ ಬೇಕು ಅಂದರೆ ಸ್ಲೈಸ್ ಮುಂದೆ ಕಾಪಿ ಅಂತ ಕರೆಯಿರಿ. ಅನುಮಾನ ಬಂದರೆ ಶೇರ್ಸ್ ಮೆಮೊರಿ ಅನ್ನೋ ಫಂಕ್ಷನ್‌ಗೆ ಎರಡೂ ಅರೇ ಕೊಟ್ಟು ನೋಡಿ. ಆದರೆ -999 ಇರುವ ಜಾಗಗಳನ್ನು ಬೂಲಿಯನ್ ಮಾಸ್ಕ್ (ಪ್ರತಿ ಜಾಗಕ್ಕೂ ಹೌದು ಅಥವಾ ಇಲ್ಲ ಅನ್ನುವ ಅರೇ) ಹಾಕಿ ಆರಿಸಿಕೊಂಡರೆ ಸಿಗುವುದು ಕಾಪಿ. ಅದನ್ನು ಬೇರೆ ಹೆಸರಲ್ಲಿ ಇಟ್ಟು ಬದಲಿಸಿದರೆ ಮೂಲಕ್ಕೆ ಏನೂ ಆಗುವುದಿಲ್ಲ. ಅದೇ ಮಾಸ್ಕನ್ನು ಸಮ ಚಿಹ್ನೆಯ ಎಡಕ್ಕೆ ಇಟ್ಟು ಬೆಲೆ ಕೊಟ್ಟರೆ ಮಾತ್ರ ಮೂಲವೇ ಬದಲಾಗುತ್ತದೆ. ಹೊಸಬರು ಸಿಕ್ಕಿಕೊಳ್ಳುವುದು ಇಲ್ಲೇ.

ನಾನು ಪೀಣ್ಯದಲ್ಲಿ ಯಂತ್ರಗಳ ಬೇರಿಂಗ್ ಕಂಪನ ಪರೀಕ್ಷೆ ಮಾಡುವವನು. ಸೆಕೆಂಡಿಗೆ 25,600 ಸ್ಯಾಂಪಲ್. ಹತ್ತು ನಿಮಿಷ ರೆಕಾರ್ಡ್ ಮಾಡಿದರೆ ಒಂದು ಚಾನೆಲ್‌ಗೇ 1,53,60,000 ಬೆಲೆ, ಸುಮಾರು 123 ಎಂಬಿ. ಅದನ್ನು ಒಂದರ ಮೇಲೊಂದು ಹಾಯುವ ತುಂಡುಗಳಾಗಿ ನೋಡಬೇಕು. ಪ್ರತಿ ತುಂಡಿಗೂ ಕಾಪಿ ಆಗುತ್ತಿದ್ದರೆ ನನ್ನ ಲ್ಯಾಪ್‌ಟಾಪ್ ಅಲ್ಲೇ ನಿಂತುಬಿಡುತ್ತಿತ್ತು. 1.20 ಆವೃತ್ತಿಯಲ್ಲಿ ಬಂದ ಸ್ಲೈಡಿಂಗ್ ವಿಂಡೋ ವ್ಯೂ ಬರೀ ಸ್ಟ್ರೈಡ್ ಬದಲಿಸಿ ಆ ತುಂಡುಗಳನ್ನು ತೋರಿಸುತ್ತದೆ. ಬೇರಿಂಗ್ ಒಳಗಿನ ಒಂದು ಸಣ್ಣ ಗೀರು ಸಿಗ್ನಲ್‌ನಲ್ಲಿ ಮತ್ತೆ ಮತ್ತೆ ಮಿಡಿಯುವುದು ಕಾಣಿಸಿದಾಗೆಲ್ಲ ಇದನ್ನು ಬರೆದವರಿಗೆ ಮನಸ್ಸಲ್ಲೇ ಕೈ ಮುಗಿಯುತ್ತೇನೆ.

ನಿಮ್ಮ ಲೂಪ್‌ಗೆ ಪರಿಹಾರವೂ ಆ ರೀಶೇಪ್‌ನಲ್ಲೇ ಇದೆ. -999 ಇರುವ ಕಡೆ ನ್ಯಾನ್ (ಸಂಖ್ಯೆ ಇಲ್ಲ ಅನ್ನುವ ಗುರುತು) ತುಂಬಿ. ಸೊನ್ನೆ ತುಂಬಬೇಡಿ, ಸರಾಸರಿ ಸುಳ್ಳಾಗುತ್ತದೆ. ಇಂಟಿಜರ್ ಅರೇಯಲ್ಲಿ ನ್ಯಾನ್ ಕೂರುವುದಿಲ್ಲ, ಮೊದಲು ಫ್ಲೋಟ್ ಮಾಡಿಕೊಳ್ಳಿ. ಆಮೇಲೆ ನ್ಯಾನ್‌ಮೀನ್‌ಗೆ (ನ್ಯಾನ್ ಬಿಟ್ಟು ಸರಾಸರಿ ತೆಗೆಯುವ ಫಂಕ್ಷನ್) ಆಕ್ಸಿಸ್ 0 ಮತ್ತು 2, ಅಂದರೆ ದಿನ ಮತ್ತು ನಿಮಿಷದ ದಿಕ್ಕು, ಎರಡನ್ನೂ ಒಟ್ಟಿಗೆ ಕೊಡಿ. ವರ್ಷದ ಎಲ್ಲ ದಿನಗಳೂ ಗಂಟೆಯ ಎಲ್ಲ ನಿಮಿಷಗಳೂ ಸೇರಿ ಕೈಗೆ 24 ಸಂಖ್ಯೆ ಬರುತ್ತದೆ. ಲೂಪ್ ಬೇಡವೇ ಬೇಡ. ಒಂದೆರಡು ದಿನದ ಪಟಾಕಿ ಹೊಗೆ ಇಡೀ ಲೆಕ್ಕವನ್ನು ಎಳೆಯಬಾರದು ಅಂದರೆ ಮಧ್ಯದ ಬೆಲೆ ಕೊಡುವ ನ್ಯಾನ್‌ಮೀಡಿಯನ್ ಬಳಸಿ.

ಇನ್ನು ಬದಲಿಸಿ ಅಂತ ಕೇಳುವ ವಿಷಯ. 1995ರ ಹೊತ್ತಿಗೆ ಜಿಮ್ ಹ್ಯೂಗುನಿನ್ ನ್ಯೂಮರಿಕ್ ಅಂತ ಒಂದು ಲೈಬ್ರರಿ ಶುರು ಮಾಡಿದರು. ಆಮೇಲೆ ನಮ್‌ಅರೇ ಅಂತ ಇನ್ನೊಂದು ಬಂತು, ಬಳಸುವವರು ಎರಡು ಪಾಲಾದರು. ಟ್ರಾವಿಸ್ ಒಲಿಫಂಟ್ ಎರಡನ್ನೂ ಕೂಡಿಸಿ 2006ರಲ್ಲಿ ನಂಪೈ 1.0 ತಂದರು. ಇವತ್ತು ಪಾಂಡಾಸ್, ಸೈಪೈ, ಸೈಕಿಟ್ ಲರ್ನ್ ಲೈಬ್ರರಿಗಳೆಲ್ಲ ನಿಂತಿರುವುದು ಇದರ ಮೇಲೆ. 2.0 ಬಂದದ್ದು 2024ರ ಜೂನ್‌ನಲ್ಲಿ, ಅಂದರೆ ಹದಿನೆಂಟು ವರ್ಷ ಬಿಟ್ಟು. ಕೆಲವು ಹಳೆಯ ಹೆಸರು ತೆಗೆದದ್ದಕ್ಕೇ ಎಷ್ಟೋ ಪ್ರೋಗ್ರಾಂಗಳನ್ನು ತಿದ್ದಬೇಕಾಯಿತು. ಹೀಗಿರುವಾಗ ಸ್ಲೈಸ್‌ನ ಅರ್ಥವನ್ನೇ ಬದಲಿಸುವುದು ಆಗದ ಮಾತು. ದೊಡ್ಡ ಬದಲಾವಣೆ ಬೇಕು ಅನ್ನುವವರು ಎನ್‌ಇಪಿ (ನಂಪೈ ಎನ್‌ಹಾನ್ಸ್‌ಮೆಂಟ್ ಪ್ರೊಪೋಸಲ್) ಅಂತ ಪ್ರಸ್ತಾವ ಬರೆದು, ಎಲ್ಲರ ಮುಂದೆ ಕಾರಣ ಇಟ್ಟು ಒಪ್ಪಿಸಬೇಕು. ಆ ನಿಧಾನ ನನಗೆ ಇಷ್ಟ.

ಲ್ಯಾಬ್_ಮೇಷ್ಟ್ರು

ಪೀಣ್ಯದವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಮೇಡಂ, ಮೊದಲು ಆವೃತ್ತಿ ನೋಡಿಕೊಳ್ಳಿ. ನಮ್ಮ ಕಾಲೇಜು ಲ್ಯಾಬ್‌ನಲ್ಲಿ ವಿಂಡೋಸ್ ಮೇಲೆ ಹಳೆ ನಂಪೈ ಇತ್ತು. ವಿದ್ಯಾರ್ಥಿಯೊಬ್ಬ ಅರೇಯಲ್ಲಿ 50,000 ಇಟ್ಟು ವರ್ಗ ಮಾಡಿದರೆ ಉತ್ತರ ಮೈನಸ್ 179 ಕೋಟಿ ಚಿಲ್ಲರೆ. ಅವನ ಮನೆಯ ಲಿನಕ್ಸ್‌ನಲ್ಲಿ ಸರಿಯಾಗಿ 250 ಕೋಟಿ. 2.0ಕ್ಕೆ ಮುಂಚೆ ವಿಂಡೋಸ್‌ನಲ್ಲಿ ಡೀಫಾಲ್ಟ್ ಇಂಟಿಜರ್ 32 ಬಿಟ್, ಅದರಲ್ಲಿ 214 ಕೋಟಿ ಚಿಲ್ಲರೆಗಿಂತ ಜಾಸ್ತಿ ಹಿಡಿಯುವುದಿಲ್ಲ. ಎರರ್ ಕೂಡ ಬರುವುದಿಲ್ಲ, ಸುಮ್ನೆ ತಿರುಗಿಬಿಡುತ್ತದೆ. ಈಗ 64 ಬಿಟ್ ಮೆಷಿನ್‌ನಲ್ಲಿ ಎಲ್ಲ ಕಡೆಯೂ 64 ಬಿಟ್. ಆದರೂ ಡಿಟೈಪ್ ಕೈಯಾರೆ ಬರೆಯುವ ಅಭ್ಯಾಸ ಒಳ್ಳೆಯದು.

ಹನುಮಂತನಗರ_ತಾರಸಿ

ಇಬ್ಬರಿಗೂ ತುಂಬ ಥ್ಯಾಂಕ್ಸ್ ಸರ್. ಸ್ಟ್ರೈಡ್ಸ್ ಪ್ರಿಂಟ್ ಮಾಡಿ ನೋಡಿದ ಮೇಲೆ ವ್ಯೂ ಅನ್ನೋದು ತಲೆಗೆ ಹತ್ತಿತು. ಆದರೆ ಇಡೀ ವರ್ಷಕ್ಕೆ ರೀಶೇಪ್ ಎರರ್ ಕೊಡುತ್ತಿದೆ. ಕರೆಂಟ್ ಹೋದಾಗ ಸೆನ್ಸರ್ ಏನೂ ಬರೆದಿಲ್ಲ, ಆ ನಿಮಿಷಗಳ ಸಾಲೇ ಇಲ್ಲ. ಪೂರ್ತಿ ಇರುವ ಒಂದು ವಾರ ತೆಗೆದುಕೊಂಡು ಮಾಡಿದರೆ ಮಧ್ಯಾಹ್ನ 2 ಗಂಟೆಯಲ್ಲಿ ಅತಿ ಹೆಚ್ಚು ಬರುತ್ತಿದೆ. ನಮ್ಮ ಬೀದಿಯಲ್ಲಿ ಆ ಹೊತ್ತಿಗೆ ಗಾಡಿಗಳೇ ಕಡಿಮೆ. ಹೇಗೆ?

ಪೀಣ್ಯ_ಕಂಪನ

ಎರಡಕ್ಕೂ ಮದ್ದು ಸಮಯದ ಕಾಲಂನಲ್ಲಿದೆ ಮೇಡಂ. ನಿಮ್ಮ ಸೆನ್ಸರ್ ಯುಟಿಸಿಯಲ್ಲಿ (ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಬರೆಯುತ್ತಿರಬೇಕು, ಒಮ್ಮೆ ಗಡಿಯಾರದ ಜೊತೆ ಹೋಲಿಸಿ ನೋಡಿ. ಹೌದಾದರೆ ಅದು ತೋರಿಸುವ 2 ಗಂಟೆ ಅಂದರೆ ನಮ್ಮ ರಾತ್ರಿ ಏಳೂವರೆ. ಆಫೀಸು ಬಿಟ್ಟ ಟ್ರಾಫಿಕ್ಕು, ಸರಿಹೋಗುತ್ತದೆ. ನಂಪೈ ಸಮಯ ಇಡುವ ಡೇಟ್‌ಟೈಮ್64ಗೆ ಟೈಮ್‌ಝೋನ್ ಗೊತ್ತಾಗುವುದಿಲ್ಲ, ನೀವೇ 330 ನಿಮಿಷ ಕೂಡಿಸಬೇಕು.

ಆಮೇಲೆ 5,25,600 ಉದ್ದದ, ಬರೀ ನ್ಯಾನ್ ತುಂಬಿದ ಅರೇ ಮಾಡಿಕೊಳ್ಳಿ. ಪ್ರತಿ ರೀಡಿಂಗ್‌ನ ಸಮಯದಿಂದ ವರ್ಷದ ಮೊದಲ ನಿಮಿಷವನ್ನು ಕಳೆದು, ಒಂದು ನಿಮಿಷದ ಟೈಮ್‌ಡೆಲ್ಟಾದಿಂದ (ಸಮಯದ ಅಂತರ) ಫ್ಲೋರ್ ಡಿವಿಷನ್ ಮಾಡಿದರೆ, ಅಂದರೆ ಶೇಷ ಬಿಟ್ಟು ಭಾಗಿಸಿದರೆ, ಅದು ಕೂರಬೇಕಾದ ಜಾಗದ ಇಂಡೆಕ್ಸ್ ಸಿಗುತ್ತದೆ. ಇಡೀ ಇಂಡೆಕ್ಸ್ ಅರೇ ಕೊಟ್ಟು ಒಂದೇ ಏಟಿಗೆ ತುಂಬಿ. ಕರೆಂಟ್ ಹೋದ ನಿಮಿಷಗಳು ತಾವಾಗಿಯೇ ನ್ಯಾನ್ ಆಗಿ ಉಳಿಯುತ್ತವೆ. ವರ್ಷದ ಆಚೆ ಬೀಳುವ ಇಂಡೆಕ್ಸ್‌ಗಳನ್ನು ಮೊದಲೇ ತೆಗೆದುಹಾಕಿ. ಮೈನಸ್ ಇಂಡೆಕ್ಸ್ ಉಳಿದರೆ ನಂಪೈ ದೂರುವುದಿಲ್ಲ, ಕೊನೆಯಿಂದ ಎಣಿಸಿ ಡಿಸೆಂಬರ್‌ಗೆ ತುಂಬಿಬಿಡುತ್ತದೆ.

ಸಿ ಗೊತ್ತಿಲ್ಲ ಅನ್ನೋದು ದೊಡ್ಡ ಅಡ್ಡಿಯಲ್ಲ. ನಂಪೈ ಟ್ಯುಟೋರಿಯಲ್‌ಗಳದ್ದೇ ಬೇರೆ ರೆಪೊಸಿಟರಿ (ಫೈಲ್‌ಗಳ ಭಂಡಾರ) ಇದೆ. ಅದರಲ್ಲಿ ಲಾಕ್‌ಡೌನ್‌ನಿಂದ ದೆಹಲಿಯ ಗಾಳಿ ಎಷ್ಟು ಬದಲಾಯಿತು ಅಂತ ಲೆಕ್ಕ ಹಾಕುವ ಪಾಠವೇ ಇದೆ, ನಿಮ್ಮದೇ ವಿಷಯ. ಮೊದಲು ಅದನ್ನು ಪೂರ್ತಿ ಓಡಿಸಿ ನೋಡಿ. ಓದುವಾಗ ಎಲ್ಲಿ ತಡವರಿಸಿದಿರಿ ಅಂತ ಗುರುತು ಹಾಕಿಕೊಳ್ಳಿ. ಹಳಬರ ಕಣ್ಣಿಗೆ ಆ ಜಾಗ ಬೀಳುವುದೇ ಇಲ್ಲ, ಅದಕ್ಕೇ ನಿಮ್ಮಂಥವರು ಬೇಕು. ಮುಖ್ಯ ರೆಪೊಸಿಟರಿಯ ಡಾಕ್ಯುಮೆಂಟೇಶನ್ ತಿದ್ದುವುದಾದರೆ ಪುಲ್ ರಿಕ್ವೆಸ್ಟ್ (ನಿಮ್ಮ ತಿದ್ದುಪಡಿ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಹೆಸರನ್ನು ಇಂಗ್ಲಿಷ್ ದೊಡ್ಡಕ್ಷರದಲ್ಲಿ ಡಿಒಸಿ (DOC) ಅಂತ ಶುರು ಮಾಡಿ, ಕೋಲನ್ ಹಾಕಿ, ಏನು ತಿದ್ದಿದ್ದೀರಿ ಅಂತ ಒಂದು ಸಾಲು ಬರೆಯಿರಿ. ಸಣ್ಣದಾಗಿರಲಿ. ಒಂದು ಪ್ಯಾರಾ, ಒಂದು ಉದಾಹರಣೆ ಸಾಕು. ರಿವ್ಯೂ ಮಾಡುವವರಲ್ಲಿ ಎಷ್ಟೋ ಜನ ತಮ್ಮ ಬಿಡುವಿನ ಹೊತ್ತನ್ನು ಕೊಡುತ್ತಿರುತ್ತಾರೆ.

ತಿದ್ದುಪಡಿ ಕಳಿಸಲು ಬಳಸುವ ಗಿಟ್ ಕೈಗೆ ಹತ್ತದಿದ್ದರೆ ಬೆಂಗಳೂರಿನ ಪೈಥಾನ್ ಬಳಗ ಬ್ಯಾಂಗ್‌ಪೈಪರ್ಸ್ ಮೀಟಪ್‌ಗೆ ಬನ್ನಿ, ಜೊತೆಗೆ ಕೂತು ಮಾಡೋಣ. ಬರುವಾಗ ಆ ಸಿಎಸ್‌ವಿ ಫೈಲ್ ತನ್ನಿ.