ಒಬ್ಬರೇ ಆಡುವ ರೋಲ್ ಪ್ಲೇಯಿಂಗ್ ಆಟದಲ್ಲಿ ಅನಿರೀಕ್ಷಿತಕ್ಕೆ ಎಡೆ ಮಾಡುವುದು ಹೇಗೆ?

ಪ್ರಶ್ನೆ (ಗಂಗಾವತಿಯಿಂದ)

ನಮಸ್ಕಾರ. ಕಾಲೇಜಿನ ದಿನಗಳಲ್ಲಿ ನಾವು ನಾಲ್ವರು ಗೆಳೆಯರು ವಾರಕ್ಕೊಮ್ಮೆ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಉರುಳಿಸುತ್ತ ಕಥೆ ಕಟ್ಟುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತಿದ್ದೆವು. ಅವರೆಲ್ಲ ಬೆಂಗಳೂರು ಸೇರಿದ ಮೇಲೆ, ಅಕ್ಕಿ ಗಿರಣಿಯ ಲೆಕ್ಕ ಬರೆದು ಮನೆಗೆ ಬಂದ ರಾತ್ರಿಗಳಲ್ಲಿ, ಒಬ್ಬರೇ ಆಡಬಹುದಾದ ಅಂಥದೇ ಆಟ ಐರನ್‌ಸ್ವೋರ್ನ್ ಆಡುತ್ತಿದ್ದೇನೆ. ಕಥೆ ನಮ್ಮ ಸೀಮೆಯದೇ: 1327ರ ಸುಮಾರಿಗೆ ದೆಹಲಿ ಸುಲ್ತಾನರ ಸೈನ್ಯದೆದುರು ಕಂಪಿಲಿ ರಾಜ್ಯ ಕುಸಿಯುತ್ತಿರುವಾಗ, ಕುಮ್ಮಟದುರ್ಗದಿಂದ ಓಲೆಯೊಂದನ್ನು ಒಯ್ದು ತುಂಗಭದ್ರೆ ದಾಟಬೇಕಾದ ಹೆಣ್ಣುಮಗಳು ನನ್ನ ಪಾತ್ರ. ಆದರೆ ಹರಿಗೋಲು ಸಿಗುತ್ತದೆಯೇ, ಅಂಬಿಗ ನಂಬಿಕಸ್ಥನೇ ಎಂಬುದನ್ನೆಲ್ಲ ನಾನೇ ತೀರ್ಮಾನಿಸುವುದರಿಂದ ಆಟದಲ್ಲಿ ಬೆರಗೇ ಉಳಿದಿಲ್ಲ. ಆಟಕ್ಕೆ ಬೇಕಾದ ಹತ್ತು ಮುಖದ ದಾಳಗಳೂ ನನ್ನಲ್ಲಿಲ್ಲ. ಏನು ಮಾಡಲಿ?

ಉತ್ತರ 1 (ರಾಯಚೂರಿನಿಂದ)

ನಮ್ಮ ಹಿರಿಯರು ದೇವರ ಮುಂದೆ ಹೂವು ಕೇಳುತ್ತಾರಲ್ಲ, ಬಲಕ್ಕೆ ಬಿದ್ದರೆ ಆಗುತ್ತದೆ, ಎಡಕ್ಕೆ ಬಿದ್ದರೆ ಇಲ್ಲ ಎಂದು. ಈ ಆಟದಲ್ಲಿ ಗೇಮ್ ಮಾಸ್ಟರನ (ಗುಂಪಿನಲ್ಲಿ ಕಥೆ ನಡೆಸುವವನ) ಜಾಗವನ್ನು ತುಂಬುವ ಆರಕಲ್ ಎಂಬ ಪದ್ಧತಿಯೂ ಅದೇ ಬಗೆಯದು. ಮೊದಲು ಹೌದು–ಇಲ್ಲ ಎಂದು ಉತ್ತರಿಸಬಹುದಾದ ಪ್ರಶ್ನೆ ಕೇಳಿ, ಅದರ ಸಾಧ್ಯತೆ ಎಷ್ಟೆಂದು ತೀರ್ಮಾನಿಸಿ, ಆಮೇಲೆ ನೂರರೊಳಗೆ ಒಂದು ಸಂಖ್ಯೆ ಪಡೆಯಬೇಕು. ಬಹುತೇಕ ಖಚಿತವಾದರೆ 11 ಅಥವಾ ಹೆಚ್ಚು, ಸಂಭವವಾದರೆ 26, ಸಮಸಮವಾದರೆ 51, ಅಸಂಭವವಾದರೆ 76, ತೀರಾ ಕಡಿಮೆಯಾದರೆ 91 ಅಥವಾ ಹೆಚ್ಚು ಬಂದಾಗ ಉತ್ತರ ಹೌದು. ಎರಡೂ ಅಂಕಿ ಒಂದೇ ಆಗಿದ್ದರೆ ಕಥೆಗೆ ದೊಡ್ಡ ತಿರುವು ಕೊಡಿ.

ನನ್ನ ಅನುಭವದಲ್ಲಿ ಆಟ ಕೆಡುವುದು ದಾಳದಿಂದಲ್ಲ, ಪ್ರಶ್ನೆಯಿಂದ. ಯಾವ ಉತ್ತರ ಬಂದರೂ ಕಥೆ ಮುಂದೆ ಸಾಗುವಂತಿದ್ದರೆ ಮಾತ್ರ ಕೇಳಿ. ಬೇಕಾದ ಉತ್ತರ ಬರುವವರೆಗೆ ಮತ್ತೆ ಮತ್ತೆ ಕೇಳಿದಿರೋ, ನೀವು ಮತ್ತೆ ಕಥೆಗಾರರೇ ಆಗುತ್ತೀರಿ.

ಉತ್ತರ 2 (ಬಳ್ಳಾರಿಯಿಂದ)

ದಾಳಕ್ಕಾಗಿ ಕಾಯಬೇಡಿ. 0ಯಿಂದ 9ರವರೆಗೆ ಹತ್ತು ಚೀಟಿ ಬರೆದು ಡಬ್ಬಿಗೆ ಹಾಕಿ, ಒಂದನ್ನು ಎತ್ತಿ, ಮರಳಿ ಹಾಕಿ ಕುಲುಕಿ, ಇನ್ನೊಮ್ಮೆ ಎತ್ತಿದರೆ ನೂರರ ಸಂಖ್ಯೆ ಸಿಗುತ್ತದೆ. ಎರಡೂ ಸಲ ಸೊನ್ನೆ ಬಂದರೆ ಅದು 100. ಪಾತ್ರದ ಸಾಹಸಗಳಿಗೂ ಇದೇ ಡಬ್ಬಿ ಸಾಕು. ಲೂಡೋದ ದಾಳ ಉರುಳಿಸಿ, ಪಾತ್ರದ ಗುಣಾಂಕ (ಚುರುಕು, ಧೈರ್ಯ ಮುಂತಾದ ಗುಣಕ್ಕೆ ಕೊಟ್ಟ ಅಂಕ) ಕೂಡಿಸಿ, ಆ ಮೊತ್ತವನ್ನು ಎರಡು ಚೀಟಿಗಳೊಂದಿಗೆ ಹೋಲಿಸಿ (ಇಲ್ಲಿ ಸೊನ್ನೆಯೆಂದರೆ ಹತ್ತು): ಎರಡನ್ನೂ ಮೀರಿದರೆ ಪೂರ್ಣ ಯಶಸ್ಸು, ಒಂದನ್ನೇ ಮೀರಿದರೆ ಬೆಲೆ ತೆತ್ತು ಪಡೆದ ಯಶಸ್ಸು, ಇಲ್ಲದಿದ್ದರೆ ಸೋಲು. ಆ ನಡುವಿನ ಫಲವೇ ಈ ಆಟದ ಜೀವಾಳವೆಂದು ನಾನು ತಿಳಿದಿದ್ದೇನೆ. ಕಂಪಿಲಿ ಬೀಳುತ್ತದೆಂದು ನಮಗೆ ಗೊತ್ತು; ಓಲೆ ತಲುಪುತ್ತದೆಯೋ ಇಲ್ಲವೋ ಎಂಬುದು ಯಾರಿಗೂ ಗೊತ್ತಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ನಿನ್ನೆ ರಾತ್ರಿ ಚೀಟಿ ಬರೆದು ಕುಳಿತೆ. ಅಂಬಿಗ ನಮ್ಮ ಪಕ್ಷದವನೇ ಎಂದು, ಸಂಭವ ಎಂದಿಟ್ಟುಕೊಂಡು, ಕೇಳಿದೆ. ಬಂದದ್ದು 11: ಇಲ್ಲ, ಜೊತೆಗೆ ತಿರುವು. ಓಲೆ ಯಾರ ಕೈ ಸೇರಬೇಕಿತ್ತೋ ಅವರ ಮುದ್ರೆಯುಂಗುರ ಅಂಬಿಗನ ಬೆರಳಿನಲ್ಲಿದೆ, ಹರಿಗೋಲು ಆಗಲೇ ನಡುಹೊಳೆಯಲ್ಲಿದೆ. ಮುಂದೇನೆಂದು ನನಗೂ ತಿಳಿಯದು. ಇಂದು ರಾತ್ರಿ ಆಡಿ ನೋಡುತ್ತೇನೆ.