ಆಡೋದಾದರೂ ಎಲ್ಲಿ, ದೊಡ್ಡಪ್ಪ?

ದೊಡ್ಡಪ್ಪ: (ಮನೆಯವರ ವಾಟ್ಸಾಪ್ ಗುಂಪಿಗೆ ಕಳಿಸಿದ ಫಾರ್ವರ್ಡ್) ಈಗಿನ ಮಕ್ಕಳಿಗೆ ಲಗೋರಿ ಗೊತ್ತಿಲ್ಲ, ಚಿನ್ನಿದಾಂಡು ಗೊತ್ತಿಲ್ಲ. ಮೊಬೈಲ್ ಒಂದೇ ಗೊತ್ತು. ತಪ್ಪು ತಂದೆತಾಯಿಯದೇ.

ಚಿಕ್ಕಮ್ಮ: ನಿಜ ಭಾವ, ನಮ್ಮ ಮನೆಯಲ್ಲೂ ಇದೇ ಗೋಳು.

ನಾನು: ದೊಡ್ಡಪ್ಪ, ಬೇಜಾರು ಮಾಡಿಕೊಳ್ಳಬೇಡಿ, ನಾನು ಇದನ್ನು ಒಪ್ಪಲ್ಲ. ನಮ್ಮ ಶಾಲೆಯ ಮಕ್ಕಳ ಮನೆ ನೋಡಿದ್ದೀರಾ? ಒಂದು ಕೋಣೆ, ಬಾಗಿಲಿಗೇ ಚರಂಡಿ, ಆಮೇಲೆ ಬೈಕು ಓಡಾಡುವ ಓಣಿ. ಅಲ್ಲಿ ಲಗೋರಿಗೆ ಕಲ್ಲು ಜೋಡಿಸಿದರೆ ಎರಡೇ ನಿಮಿಷಕ್ಕೆ ಯಾರಾದರೂ ಬೈಯುತ್ತಾರೆ.

ದೊಡ್ಡಪ್ಪ: ನಾವೇನು ಸ್ಟೇಡಿಯಂನಲ್ಲಿ ಆಡಿದೆವಾ? ಕೆರೆ ಅಂಗಳದಲ್ಲಿ ಆಡಿದ್ದು ಕಣಮ್ಮ.

ನಾನು: ಅದನ್ನೇ ಹೇಳುತ್ತಿದ್ದೇನೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಬಂದು ನಮ್ಮ ಕೋಲಾರದ ಎಷ್ಟೋ ಕೆರೆ ತುಂಬಿವೆ. ತುಂಬಲಿ, ಬೇಕಾಗಿತ್ತು. ಆದರೆ ಒಣಗಿದ ಅಂಗಳದಲ್ಲಿ ಕ್ರಿಕೆಟ್ ಆಡುತ್ತಿದ್ದ ಹುಡುಗರಿಗೆ ಬದಲಿ ಜಾಗ ಯಾರು ಕೊಟ್ಟರು? ಖಾಲಿ ಸೈಟಿಗೆಲ್ಲ ಬೇಲಿ ಬಿತ್ತು. ಸರ್ ಎಂ. ವಿಶ್ವೇಶ್ವರಯ್ಯ ಸ್ಟೇಡಿಯಂ ಇದೆ, ಸರಿ, ಊರಾಚೆ ಕಾಲೋನಿಯಿಂದ ಆರನೇ ಕ್ಲಾಸಿನ ಹುಡುಗಿ ಸಂಜೆ ಒಬ್ಬಳೇ ಅಲ್ಲಿಗೆ ಹೋಗಿಬರುತ್ತಾಳಾ? ಬಾಡಿಗೆಯ ಟರ್ಫ್ ಮೈದಾನ ಅಂದರೆ ಗಂಟೆ ಲೆಕ್ಕದಲ್ಲಿ ದುಡ್ಡು, ಕೂಲಿ ಮನೆಯವರ ಕೈಲಿ ಆಗುತ್ತಾ?

ತಮ್ಮ: ಅಕ್ಕ, ಸರ್ಕಾರಿ ಶಾಲೆ ಮೈದಾನ ಇದೆ ಅಲ್ವಾ?

ನಾನು: ಇದೆ, ನಾಲ್ಕೂವರೆಗೆ ಬೀಗ. ಶಾಲೆಗೆ ಆಟದ ಮೈದಾನ ಇರಲೇಬೇಕು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ, 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಚೆನ್ನಾಗಿ ಮೈ ಆಡಿಸಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ನಮ್ಮಲ್ಲಿ ವಾರಕ್ಕೆ ಎರಡು ಪಿ.ಟಿ. ಪೀರಿಯಡ್, ಅದರಲ್ಲೂ ಒಂದು ಗಣಿತಕ್ಕೆ ಹೋಗುತ್ತದೆ. ಮೊನ್ನೆ ಚೆಂಡು ತರೋಕೆ ಗೇಟು ಹತ್ತಿದ ಇಬ್ಬರು ಹುಡುಗರನ್ನು ಕಳ್ಳರ ಥರ ನಿಲ್ಲಿಸಿ ಬೈದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ದೊಡ್ಡಪ್ಪ: ಗೇಟು ತೆರೆದಿಟ್ಟರೆ ಬೆಳಗ್ಗೆ ಬಾಟಲಿ ಆರಿಸೋದು ಯಾರು? ನಾನೂ ಶಾಲೆಯ ಎಸ್‌ಡಿಎಂಸಿಯಲ್ಲಿ, ಅಂದರೆ ಶಾಲಾ ಅಭಿವೃದ್ಧಿ ಸಮಿತಿಯಲ್ಲಿ ಇದ್ದವನು, ಕಿಟಕಿ ಗಾಜು ಮೂರು ಸಲ ಹಾಕಿಸಿದ್ದೇನೆ.

ನಾನು: ಅದು ನಿಜ. ಆದರೆ ಕುಡಿಯೋಕೆ ಬರುವವರು ಕತ್ತಲಾದ ಮೇಲೆ ಕಾಂಪೌಂಡ್ ಹಾರಿ ಬರುತ್ತಾರೆ, ಅವರಿಗೆ ಬೀಗ ಲೆಕ್ಕಕ್ಕೇ ಇಲ್ಲ. ಆರೂವರೆವರೆಗೆ ತೆರೆದಿಡಲಿ, ದಿನಕ್ಕೊಬ್ಬರು ಪೋಷಕರು ಇರಲಿ. ವಾರದಲ್ಲಿ ಎರಡು ದಿನ ಹುಡುಗಿಯರಿಗೇ ಅಂತ ಇಡಬೇಕು, ಇಲ್ಲದಿದ್ದರೆ ಹುಡುಗರು ಖೊಖೊಗೆ ಜಾಗವೇ ಬಿಡಲ್ಲ.

ಚಿಕ್ಕಮ್ಮ: ನಾನು ಶನಿವಾರ ಬಂದು ನಿಲ್ಲುತ್ತೇನೆ.

ದೊಡ್ಡಪ್ಪ: ಅರ್ಜಿ ಬರೆದು ಕಳಿಸು, ಈಗಿನ ಅಧ್ಯಕ್ಷರ ಹತ್ತಿರ ಮಾತಾಡುತ್ತೇನೆ. ಗಾಜು ಒಡೆದರೆ ಯಾರು ಹಾಕಿಸೋದು ಅಂತಲೂ ಅದರಲ್ಲಿ ಬರಿ.