ಎಥನಾಲ್ ದುಡ್ಡು ಕಬ್ಬಿನ ಗದ್ದೆಗೆ ಎಷ್ಟು ಬಂತು: ನಮ್ಮ ಮನೆಮಂದಿಯ ಗುಂಪಿನಲ್ಲಿ ನಡೆದ ಚರ್ಚೆ

ಬೆಂಗಳೂರಿನ ತಮ್ಮ: ನಾನು ಮೇಲೆ ಹಾಕಿರುವ ಪೋಸ್ಟರನ್ನು ಎಲ್ಲರೂ ಓದಬೇಕೆಂದು ಕೋರುತ್ತೇನೆ. ಅದರಲ್ಲಿರುವಂತೆ, ಪೆಟ್ರೋಲಿಗೆ ಎಥನಾಲ್ (ಕಬ್ಬು, ಮೆಕ್ಕೆಜೋಳ, ಅಕ್ಕಿಯಿಂದ ತೆಗೆಯುವ ಮದ್ಯಸಾರ) ಬೆರೆಸುವ ಪ್ರಮಾಣ 2013-14ರಲ್ಲಿ ಶೇ 1.5ರ ಆಸುಪಾಸಿನಲ್ಲಿತ್ತು, 2025ರಲ್ಲಿ ಶೇ 20 ಮುಟ್ಟಿದೆ. ಕಚ್ಚಾ ತೈಲಕ್ಕೆಂದು ಹೊರದೇಶಕ್ಕೆ ಹೋಗುತ್ತಿದ್ದ ಹಣ ಈಗ ನಮ್ಮ ರೈತರಿಗೆ ಸಿಗುತ್ತಿದೆ. ಕಾಕಾ, ಹೀಗಿದ್ದೂ ನಿಮ್ಮ ಕಡೆಯವರು 2025ರ ನವೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರದಲ್ಲಿ ಕಬ್ಬಿನ ದರಕ್ಕಾಗಿ ಹೋರಾಟಕ್ಕೆ ಕುಳಿತದ್ದು ಏಕೆ?

ಕಾಕಾ: ಆ ಹಣ ಸಿಗುವುದು ಕಾರ್ಖಾನೆಗೆ, ತಮ್ಮಾ. ಒಂದು ಟನ್ ಕಬ್ಬಿನಿಂದ ಸುಮಾರು 70 ಲೀಟರ್ ಎಥನಾಲ್ ಬರುತ್ತದೆ ಎಂಬುದು ನೀತಿ ಆಯೋಗದ್ದೇ ಲೆಕ್ಕ. ಕಬ್ಬಿನ ರಸದ ಎಥನಾಲಿಗೆ ತೈಲ ಕಂಪನಿಗಳು ಲೀಟರಿಗೆ 65.61 ರೂಪಾಯಿ ಕೊಡುತ್ತವೆ, ಅಂದರೆ ಟನ್ನಿಗೆ ಸುಮಾರು 4,590 ರೂಪಾಯಿ ಆಯಿತು. ಸಿಪ್ಪೆಯಿಂದ ತೆಗೆಯುವ ವಿದ್ಯುತ್ತಿನ ಆದಾಯ ಬೇರೆ. ನಮ್ಮ ಎಫ್‌ಆರ್‌ಪಿ, ಅಂದರೆ ಕಬ್ಬಿಗೆ ಕೇಂದ್ರ ನಿಗದಿ ಮಾಡುವ ಕನಿಷ್ಠ ದರ, 2025-26ರ ಹಂಗಾಮಿಗೆ ಶೇ 10.25 ರಿಕವರಿಯ (ಕಬ್ಬಿನಿಂದ ಸಿಗುವ ಸಕ್ಕರೆಯ ಪ್ರಮಾಣ) ಮೇಲೆ ಟನ್ನಿಗೆ 3,550 ರೂಪಾಯಿ, ಅದರಲ್ಲಿಯೂ ಕಟಾವು ಮತ್ತು ಸಾಗಾಣಿಕೆಯ ಖರ್ಚನ್ನು ಮುರಿದುಕೊಂಡ ಮೇಲೆ ಉಳಿದದ್ದಷ್ಟೇ ಕೈಗೆ ಬರುತ್ತದೆ. ಆ ಖರ್ಚು ಬಿಟ್ಟು ಟನ್ನಿಗೆ ನಾವು 3,500 ಕೇಳಿದೆವು, 3,300ಕ್ಕೆ ತೀರ್ಮಾನವಾಯಿತು, ಆ ಮೊತ್ತದಲ್ಲಿಯೂ 50 ರೂಪಾಯಿ ರಾಜ್ಯ ಸರಕಾರ ತುಂಬಿಕೊಡಬೇಕಾಯಿತು.

ಬೆಂಗಳೂರಿನ ತಮ್ಮ: 4,590 ರೂಪಾಯಿ ಪೂರ್ತಿ ಲಾಭವಲ್ಲವಲ್ಲ, ಕಾಕಾ. ಡಿಸ್ಟಿಲರಿ (ಎಥನಾಲ್ ತಯಾರಿಸುವ ಘಟಕ) ಕಟ್ಟಲು ತಂದ ಸಾಲವಿದೆ, ನಡೆಸುವ ಖರ್ಚಿದೆ. ಮಳೆ ಕೈಕೊಟ್ಟ 2023ರಲ್ಲಿ, ಡಿಸೆಂಬರಿನಲ್ಲಿ ಕೇಂದ್ರವು ಕಬ್ಬಿನ ರಸದಿಂದ ಎಥನಾಲ್ ಮಾಡುವುದನ್ನೇ ತಡೆಯಿತು, ಆಮೇಲೆ ಮಿತಿ ಹಾಕಿ ಅನುಮತಿ ಕೊಟ್ಟಿತು. ರಾಜ್ಯದ ಡಿಸ್ಟಿಲರಿಗಳ ಸಾಮರ್ಥ್ಯ 270 ಕೋಟಿ ಲೀಟರ್ ಇದ್ದರೂ ಖರೀದಿಗೆ ಹಂಚಿಕೆಯಾದದ್ದು ಕೇವಲ 47 ಕೋಟಿ ಎಂದು 2025ರ ನವೆಂಬರಿನಲ್ಲಿ ಮುಖ್ಯಮಂತ್ರಿಗಳೇ ಪ್ರಧಾನಿಯವರಿಗೆ ಪತ್ರ ಬರೆದರು. ಮಾರಾಟವಾಗದ ಎಥನಾಲಿನ ದುಡ್ಡಿನಲ್ಲಿ ನಿಮಗೆ ಪಾಲು ಕೊಡುವುದು ಹೇಗೆ?

ಕಾಕಾ: ಆ ಸಾಲದ ಬಡ್ಡಿಯಲ್ಲಿ ಶೇ 6ರವರೆಗೆ ಕೇಂದ್ರವೇ ಐದು ವರ್ಷ ಹೊರುವ ಯೋಜನೆ 2018ರಿಂದ ಇದೆ. ಬೆರೆಸುವ ಎಥನಾಲಿನ ಮೇಲಿನ ಜಿಎಸ್‌ಟಿಯನ್ನೂ ಶೇ 18ರಿಂದ 5ಕ್ಕೆ ಇಳಿಸಿದರು. ಇಷ್ಟೆಲ್ಲ ರಿಯಾಯಿತಿ ರೈತನ ಹೆಸರು ಹೇಳಿಯೇ ಸಿಕ್ಕಿದ್ದು. ಚುನಾವಣೆಯ ಹೊಸ್ತಿಲಲ್ಲಿ ಪೇಟೆಯ ಸಕ್ಕರೆ ದರ ಏರಬಾರದೆಂದು ರಸವನ್ನು ತಡೆದಾಗ ನಷ್ಟ ಕಾರ್ಖಾನೆಗೆ ಆಯಿತು ಎಂದು ನೀನು ಹೇಳುತ್ತೀಯ, ಆದರೆ ಕಾರ್ಖಾನೆಯವರು ಆ ನಷ್ಟವನ್ನು ತೋರಿಸಿಯೇ ನಮ್ಮ ಬಿಲ್ಲನ್ನು ತಿಂಗಳುಗಟ್ಟಲೆ ತಡಮಾಡುತ್ತಾರೆ. ಹದಿನಾಲ್ಕು ದಿನದಲ್ಲಿ ಹಣ ಕೊಡಬೇಕು, ತಪ್ಪಿದರೆ ಶೇ 15 ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶದಲ್ಲಿಯೇ ಇದೆ. ಆ ಬಡ್ಡಿಯ ಮುಖವನ್ನು ನಾನಂತೂ ಕಂಡಿಲ್ಲ.

ಹಾವೇರಿ ಅಕ್ಕ: ಕಾಕಾ, ನಿಮಗೆ ಎಫ್‌ಆರ್‌ಪಿಯೆಂಬ ಕಾನೂನಿನ ಆಸರೆಯಾದರೂ ಇದೆ, ನಮ್ಮ ಮೆಕ್ಕೆಜೋಳಕ್ಕೆ ಅದೂ ಇಲ್ಲ. ಎಥನಾಲಿನಿಂದಾಗಿ ಬೇಡಿಕೆ ಬರುತ್ತದೆ ಎಂದು ನಂಬಿ ಹೆಚ್ಚು ಹೊಲದಲ್ಲಿ ಬಿತ್ತಿದೆವು. ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ಎಂದು ಘೋಷಿಸಿದರೂ 2025ರ ಹಂಗಾಮಿನಲ್ಲಿ ಮಾರುಕಟ್ಟೆಯ ದರ ಅದಕ್ಕಿಂತ ಬಹಳ ಕೆಳಗೆ ಬಿತ್ತು. ಅದೇ 2025ರಲ್ಲಿ ಆಹಾರ ನಿಗಮದ ಅಕ್ಕಿಯನ್ನು ಕ್ವಿಂಟಲ್‌ಗೆ 2,250ಕ್ಕೆ ಡಿಸ್ಟಿಲರಿಗಳಿಗೆ ಕೊಟ್ಟರು. ಸರಕಾರಿ ಗೋದಾಮಿನ ಅಕ್ಕಿ ಮೆಕ್ಕೆಜೋಳದ ಬೆಂಬಲ ಬೆಲೆಗಿಂತ ಅಗ್ಗಕ್ಕೆ ಸಿಗುವಾಗ ಅವರು ನಮ್ಮ ಬೆಳೆಗೆ ಹೆಚ್ಚು ದರ ಏಕೆ ಕೊಟ್ಟಾರು? ತಮ್ಮಾ, ನಿನ್ನ ಪೋಸ್ಟರಿನಲ್ಲಿ ಈ ಮಾತು ಒಂದು ಸಾಲೂ ಇಲ್ಲ.

ಬೆಂಗಳೂರಿನ ತಮ್ಮ: ಹಾಗಾದರೆ ಎಥನಾಲ್ ಬೇಡವೆನ್ನುತ್ತೀರಾ?

ಕಾಕಾ: ಬೇಡವೆಂದು ಇಲ್ಲಿ ಯಾರೂ ಹೇಳಿಲ್ಲ. ಸಕ್ಕರೆ ಮತ್ತು ಅದರ ಉಪ ಉತ್ಪನ್ನಗಳ ಆದಾಯದಲ್ಲಿ ಶೇ 70 ರೈತನಿಗೆ ಹೋಗಬೇಕೆಂದು ಸಕ್ಕರೆ ಉದ್ಯಮದ ಬಗ್ಗೆ ಕೇಂದ್ರ ನೇಮಿಸಿದ್ದ ರಂಗರಾಜನ್ ಸಮಿತಿ 2012ರಲ್ಲಿಯೇ ಹೇಳಿತ್ತು. ಆಗ ಎಥನಾಲ್ ಇಷ್ಟು ದೊಡ್ಡ ಆದಾಯವಾಗಿರಲಿಲ್ಲ. ಇಂದು ಆ ಆದಾಯವನ್ನೂ ಪಾಲಿನ ಲೆಕ್ಕಕ್ಕೆ ಸೇರಿಸಬೇಕು, ಕಾರ್ಖಾನೆ ಎಷ್ಟು ಲೀಟರ್ ಮಾರಿತು ಎಂಬುದನ್ನು ತೂಕದ ಕಾಟಾದ ಪಕ್ಕದ ಫಲಕದಲ್ಲಿ ಪ್ರತಿ ವಾರ ಬರೆಯಬೇಕು. ಮುಂದಿನ ಹಂಗಾಮು ಶುರುವಾಗುವ ಮೊದಲು ನಾವು ಜಿಲ್ಲಾಧಿಕಾರಿಗಳಿಗೆ ಕೊಡಲಿರುವ ಮನವಿಯಲ್ಲಿ ಇವೆರಡೇ ಬೇಡಿಕೆಗಳಿವೆ, ಕರಡನ್ನು ಸಂಜೆ ಇಲ್ಲಿಗೇ ಹಾಕುತ್ತೇನೆ.